ಐವತ್ತೇಳನೇ ಪುಟ

ನಮ್ಮೂರಿನ ಕಾಲುಸೇತುವೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ. ಅದು ಯಾಕೆ ಬಿತ್ತು ಎಂಬುದಕ್ಕೆ ಸಂಜೆಯೊಳಗೆ ಹದಿನೇಳು ಕಾರಣಗಳು ಸಿದ್ಧವಾಗಿದ್ದವು. ಅವುಗಳಲ್ಲಿ ನನ್ನದು ಒಂದೂ ಇರಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಯಾಕೆಂದರೆ ಊರಿನಲ್ಲಿ ಓಡಾಡುವ ಸುಳ್ಳುಗಳಲ್ಲಿ ಅರ್ಧ ನನ್ನವೇ. ನನ್ನ ಕನ್ನಡಕ ನುಂಗಿದ ಮೀನೊಂದು ಮೂರು ವರ್ಷದ ಮೇಲೆ ಸಿಕ್ಕಾಗ ಅದನ್ನು ಮೂತಿಗೇರಿಸಿಕೊಂಡಿತ್ತು ಎಂದು ಹೇಳಿದವನು ನಾನೇ. ಆ ಮೀನಿಗೆ ದೂರದ್ದು ಕಾಣುತ್ತಿತ್ತೋ ಹತ್ತಿರದ್ದೋ ಎಂದು ಕೇಳಿದವರು ಇದ್ದಾರೆ. ಸುಳ್ಳು ಹೇಳುವಾಗಲೂ ನಿಜ ಹೇಳುವಾಗಲೂ ನನಗಿರುವುದು ಒಂದೇ ಮುಖ. ಅದು ಹುಟ್ಟಿನಿಂದ ಬಂದದ್ದು, ಅಭ್ಯಾಸ ಮಾಡಿದ್ದಲ್ಲ.

ಸೇತುವೆಯ ಜೊತೆ ನೀರಿಗೆ ಬಿದ್ದವರು ಎಂಟು ಜನ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇಬ್ಬರ ಕಾಲು ಮುರಿಯಿತು, ಕ್ಷೌರದಂಗಡಿಯವನ ಕುತ್ತಿಗೆಗೆ ಗಾಯವಾಯಿತು. ಸರ್ಕಾರ ಮೂರು ಜನರ ಸಮಿತಿ ಮಾಡಿ, ಮೂರು ತಿಂಗಳಲ್ಲಿ ವರದಿ ಕೊಡಿ ಎಂದಿತು. ಸಮಿತಿ ಐದು ಸಲ ಗಡುವು ಮುಂದೂಡಿಸಿಕೊಂಡಿತು. ಅಷ್ಟರವರೆಗೆ ಸೇತುವೆಯ ಕಾವಲುಗಾರನನ್ನು ಕೆಲಸದಿಂದ ದೂರ ಇಟ್ಟರು. ಹೊಳೆ ಏರಿದಾಗ ಗೇಟಿಗೆ ಬೀಗ ಹಾಕುವುದು, ಇಳಿದಾಗ ತೆಗೆಯುವುದು ಅವನ ಕೆಲಸ. ಬೀಗ ಹಾಕಿದ್ದೆ ಎಂದು ಅವನು ಮೊದಲ ದಿನದಿಂದ ಹೇಳುತ್ತಿದ್ದ. ಆದರೆ ಗೇಟೂ ಬೀಗವೂ ಹೊಳೆಯ ತಳ ಸೇರಿದ್ದವು. ಬೀಗದ ಕೈ ಗೊಂಚಲು ಮಾತ್ರ ಅವನ ಸೊಂಟದಲ್ಲೇ ಉಳಿದಿತ್ತು. ಗೇಟೇ ಇಲ್ಲದ ಮೇಲೆ ಅದನ್ನು ಯಾರು ವಾಪಸು ಕೇಳುತ್ತಾರೆ?

ಆ ಕಾವಲುಗಾರ ನನ್ನ ಭಾವ. ನನ್ನ ತಂಗಿಯ ಗಂಡ. ನನ್ನ ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ಅವರ ಮನೆ.

ನಾನು ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಪುಸ್ತಕ ನಮ್ಮ ಕೈಗೆ ಪುಸ್ತಕವಾಗಿ ಬರುವುದಿಲ್ಲ, ಹದಿನಾರು ಪುಟಗಳ ಮಡಿಕೆಗಳಾಗಿ ಬರುತ್ತದೆ. ಒಂದೊಂದು ಮಡಿಕೆಗೂ ಫಾರಂ ಎನ್ನುತ್ತೇವೆ. ಫಾರಮ್ಮುಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದರ ನಡುವನ್ನು ತೆರೆದು ದಾರ ಹಾಕಿ ಹೊಲಿಯುತ್ತೇವೆ. ಪ್ರತಿ ಫಾರಮ್ಮಿನ ಬೆನ್ನ ಮೇಲೂ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಒಂದಕ್ಕಿಂತ ಮುಂದಿನದು ಸ್ವಲ್ಪ ಕೆಳಗೆ. ಎಲ್ಲ ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನಿನ ಮೇಲೆ ಕಪ್ಪು ಮೆಟ್ಟಿಲುಗಳು ಇಳಿದಂತೆ ಕಾಣುತ್ತವೆ. ಒಂದು ಮೆಟ್ಟಿಲು ಇಲ್ಲದಿದ್ದರೆ ಒಂದು ಫಾರಂ ಬಿಟ್ಟುಹೋಗಿದೆ ಎಂದರ್ಥ. ಹಾಗಾಗಿ ನಾವು ಓದುವುದಿಲ್ಲ, ಮೆಟ್ಟಿಲು ನೋಡುತ್ತೇವೆ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಪುಸ್ತಕ ಮಾಡಿದ್ದೇನೆ, ಒಂದನ್ನೂ ಓದಿಲ್ಲ.

ಸೇತುವೆಯ ವರದಿ ಹೊಲಿಗೆಗೆ ಬಂತು. ನಲವತ್ತು ಪ್ರತಿ. ಮೂವತ್ತೊಂಬತ್ತು ರಾಜಧಾನಿಯ ಕಚೇರಿಗಳಿಗೆ, ಒಂದು ನಮ್ಮೂರಿನ ವಾಚನಾಲಯಕ್ಕೆ. ಮೇಲೆ "ಗೋಪ್ಯ" ಎಂಬ ಕೆಂಪು ಮುದ್ರೆ, ಬಿಡುಗಡೆಯಾಗುವ ತನಕ. ಜೋಡಿಸುವುದು, ಮೆಟ್ಟಿಲು ನೋಡುವುದು ನನ್ನ ಕೆಲಸ. ಹೊಲಿಯುವುದು ದಾರದಕ್ಕನ ಕೆಲಸ. ಆಕೆಗೆ ಅದೇ ಹೆಸರು, ದಾರವನ್ನು ಯಾವಾಗಲೂ ಹಲ್ಲಿನಲ್ಲೇ ಕತ್ತರಿಸುತ್ತಾಳೆ.

ಕೊನೆಯ ಪ್ರತಿ ಜೋಡಿಸುತ್ತಿದ್ದೆ. ನಾಲ್ಕನೇ ಫಾರಂ ಕೈಯಲ್ಲಿತ್ತು. ಮಡಿಕೆ ಸರಿಯಾಗಿದೆಯೇ ಎಂದು ನಡುವನ್ನು ತೆರೆದಿದ್ದೆ. ಆಗ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಎದುರಿನ ಕ್ಷೌರದಂಗಡಿಯವನು.

"ಏನ್ ಮಹರಾಯ, ಅದೇ ತಾನೆ? ಸೇತುವೇದು?"

"ಯಾವ ಸೇತುವೆ?"

"ಆಟ ಆಡ್ಬೇಡ. ಕೈಯಲ್ಲೇ ಹಿಡ್ಕೊಂಡಿದ್ದೀಯ. ಒಂದೇ ಒಂದು ಸಾಲು ಹೇಳು. ಊರೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿದೆ."

ಓದಿಲ್ಲ ಎಂದು ಹೇಳಬಹುದಿತ್ತು. ಅದೇ ನಿಜ. ಆದರೆ ನನ್ನಂಥವನಿಗೆ ಕಿಟಕಿಯಲ್ಲಿ ಒಂದು ಬಾಯಿ ತೆರೆದು ನಿಂತಿರುವುದು ಕಂಡರೆ ಅದಕ್ಕೆ ಏನಾದರೂ ಹಾಕದೆ ಇರಲಾಗುವುದಿಲ್ಲ. ಕೈಯಲ್ಲಿದ್ದ ಹಾಳೆಯ ಮೂಲೆಯಲ್ಲಿ 57 ಎಂಬ ಅಂಕಿ ಇತ್ತು. ಅಷ್ಟನ್ನು ಮಾತ್ರ ನೋಡಿದೆ.

"ಐವತ್ತೇಳನೇ ಪುಟ," ಎಂದೆ.

"ಏನಿದೆ ಅದ್ರಲ್ಲಿ?"

ಹಿಂದೆ ಮುಂದೆ ನೋಡಿ ದನಿ ಇಳಿಸಿದೆ. "ಒಂದು ಬೀಗದ ಕೈ."

"ಅಂದ್ರೆ?"

"ಅಷ್ಟೇ. ಇನ್ನು ಕೇಳ್ಬೇಡ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ನನಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಅದು ಅವನಿಗೂ ಗೊತ್ತು. ಆದರೂ ಅವನ ಮುಖ ಬಿಳಿಚಿಕೊಂಡಿತು. ಐದು ನಿಮಿಷದಲ್ಲಿ ಕಿಟಕಿಯಲ್ಲಿ ನಾಲ್ಕು ತಲೆಗಳಾದವು, ಒಂದರ ಕೆನ್ನೆಗೆ ಇನ್ನೂ ಸೋಪಿನ ನೊರೆ ಅಂಟಿತ್ತು. ಕೈಯಲ್ಲಿದ್ದ ಫಾರಮ್ಮನ್ನು ಪಕ್ಕಕ್ಕಿಟ್ಟು ನಾನು ಕಿಟಕಿಗೆ ಒರಗಿದೆ. ಏನೂ ಹೇಳದೆ ಇರುವುದನ್ನು ಎಷ್ಟು ಚೆನ್ನಾಗಿ ಹೇಳಬಹುದೋ ಅಷ್ಟು ಚೆನ್ನಾಗಿ ಹೇಳಿದೆ. ಹಿಂದಿನಿಂದ ದಾರದಕ್ಕ ಕೂಗಿದಳು: "ಅಣ್ಣ, ಕೊನೇದು ಕೊಡ್ತೀರೋ ಇಲ್ವೋ?" ಮೇಜಿನ ಮೇಲಿದ್ದ ಕಂತೆಯನ್ನು ಬಾಚಿ ಕೊಟ್ಟುಬಿಟ್ಟೆ. ಮೆಟ್ಟಿಲು ನೋಡಲಿಲ್ಲ.

ಆ ಬೀಗದ ಕೈ ಊರಿನಲ್ಲಿ ಹೇಗೆ ತಿರುಗಿತು ಎಂದರೆ, ಮೊದಲ ದಿನ ಅದು ಗುತ್ತಿಗೆದಾರನ ತಿಜೋರಿಯದಾಗಿತ್ತು. ಎರಡನೇ ದಿನ ಮಂತ್ರಿಯ ಎರಡನೇ ಮನೆಯದಾಯಿತು. ಆ ಮನೆಯ ಬಾಗಿಲಿನ ಬಣ್ಣ ಹಸಿರು ಎಂದು ಔಷಧಿ ಅಂಗಡಿಯವನಿಗೆ ಖಚಿತವಾಗಿ ಗೊತ್ತಿತ್ತು. ನಾನು ಒಳಗೊಳಗೇ ನಗುತ್ತಿದ್ದೆ. ವಾಚನಾಲಯಕ್ಕೆ ಹೋದರೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಡುತ್ತಿದ್ದರು. ನನ್ನ ಜನ್ಮದಲ್ಲಿ ಆ ಕುರ್ಚಿ ಸಿಕ್ಕಿರಲಿಲ್ಲ.

ಮೂರನೇ ದಿನ ಆ ಕುರ್ಚಿಯಲ್ಲೇ ಕೂತಿದ್ದಾಗ ಯಾರೋ ಕೇಳಿದರು: "ಅಲ್ಲ, ಊರಲ್ಲಿ ಸೊಂಟಕ್ಕೆ ಬೀಗದ ಕೈ ಕಟ್ಕೊಂಡು ತಿರುಗೋನು ಯಾರು?"

ಎಲ್ಲರೂ ನನ್ನ ಕಡೆ ನೋಡಿ, ಕೂಡಲೇ ಬೇರೆ ಕಡೆ ನೋಡಿದರು. ಪಾಪ, ಸ್ವಂತ ಭಾವನ ವಿಷಯ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದು ಅವರಿಗೆ ಅರ್ಥವಾಗಿತ್ತು.

ಆಗಲೇ ಎದ್ದು ನಿಂತು ಹೇಳಬೇಕಿತ್ತು. ಫ್ಯಾನು ತಿರುಗುತ್ತಿತ್ತು. ನಾನು ಕೂತೇ ಇದ್ದೆ.

ಮರುದಿನ ಸಂಜೆ ತಂಗಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಅಣ್ಣ, ಅಂಗಡೀಲಿ ನನಗೆ ಯಾರೂ ಮುಖ ಕೊಟ್ಟು ಮಾತಾಡ್ತಿಲ್ಲ. ಇವ್ರು ಮನೆ ಬಿಟ್ಟು ಹೊರಗೇ ಹೋಗ್ತಿಲ್ಲ. ಬೀಗದ ಕೈ ಗೊಂಚಲು ತೆಗೆದು ಹಿಟ್ಟಿನ ಡಬ್ಬೀಲಿ ಬಚ್ಚಿಟ್ಟಿದ್ದಾರೆ, ಸದ್ದು ಕೇಳಿಸ್ಬಾರ್ದು ಅಂತ."

"ಜನ ಏನೋ ಮಾತಾಡ್ತಾರೆ ಬಿಡಮ್ಮ."

"ನೀನು ಓದಿದ್ದೀಯಂತಲ್ಲ. ಐವತ್ತೇಳನೇ ಪುಟದಲ್ಲಿ ಇವರ ಬಗ್ಗೆ ಇದೆಯಾ? ಕೆಟ್ಟದ್ದಾದ್ರೂ ಪರವಾಗಿಲ್ಲ, ಹೇಳ್ಬಿಡು. ಬೀಗ ಹಾಕಿದ್ದೆ ಅಂತ ನನ್ ಮೇಲೆ ಆಣೆ ಇಟ್ಟಿದ್ದಾರೆ. ನಾನು ನಂಬ್ಲಾ ಬೇಡ್ವಾ?"

ಗಂಡನನ್ನು ನಂಬಲೋ ಬೇಡವೋ ಎಂದು ನನ್ನ ತಂಗಿ ನನ್ನನ್ನು ಕೇಳುತ್ತಿದ್ದಳು. ನಾನು ಓದಿಲ್ಲ, ಸುಳ್ಳು ಹೇಳಿದೆ ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಗೋಪ್ಯ ಕಣಮ್ಮ. ಹೇಳೋ ಹಾಗಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಅದರಲ್ಲಿ ಏನೂ ಕಾಣುವುದಿಲ್ಲ ಎಂದು ಚಿಕ್ಕಂದಿನಿಂದ ಅವಳಿಗೆ ಗೊತ್ತು. ಹೊರಟುಹೋದಳು.

ಶುಕ್ರವಾರ ಮಧ್ಯಾಹ್ನ ವರದಿ ವಾಚನಾಲಯಕ್ಕೆ ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ಒಂದು ಮನವಿಪತ್ರ ಅಂಟಿಸಿದ್ದರು: ಹೊಸ ಸೇತುವೆಗೆ ಹಳೆಯ ಕಾವಲುಗಾರ ಬೇಡ. ಕೆಳಗೆ ಎಂಬತ್ತಕ್ಕೂ ಹೆಚ್ಚು ಸಹಿ. ಮರುದಿನ ಬೆಳಿಗ್ಗೆ ಪುರಸಭೆಯಲ್ಲಿ ಅದರ ಮೇಲೆ ತೀರ್ಮಾನ. ನಿವೃತ್ತ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪುಸ್ತಕ ತೆರೆದರು. ಪೀಠಿಕೆ ಯಾರಿಗೂ ಬೇಕಿರಲಿಲ್ಲ. "ಐವತ್ತೇಳು, ಐವತ್ತೇಳು," ಎಂದು ಕೂಗಿದರು.

ಮೇಷ್ಟ್ರು ಪುಟ ಮಗುಚಿದರು. ನಿಂತರು. ಹಿಂದಕ್ಕೆ ಮಗುಚಿದರು, ಮುಂದಕ್ಕೆ ಮಗುಚಿದರು.

"ನಲವತ್ತೆಂಟು ಆದ್ಮೇಲೆ ಅರವತ್ತೈದು ಇದೆಯಲ್ರಪ್ಪಾ."

"ತೆಗೆದುಹಾಕಿದ್ದಾರೆ!" ಎಂದ ಕ್ಷೌರದಂಗಡಿಯವನು. "ಇವನು ಹೇಳಿದ್ದೇ ನಿಜ!"

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಗೌರವದಿಂದ ನನ್ನನ್ನು ಯಾರೂ ಎಂದೂ ನೋಡಿರಲಿಲ್ಲ. ಒಂದು ಕ್ಷಣ ನಾನೂ ನಂಬಿದೆ. ಅಯ್ಯೋ, ನಿಜವಾಗಿಯೂ ತೆಗೆದಿದ್ದಾರಲ್ಲ ಎಂದುಕೊಂಡೆ. ಮರುಕ್ಷಣ ಬೆರಳು ಮಡಿಸಿ ಎಣಿಸಿದೆ. ನಲವತ್ತೊಂಬತ್ತರಿಂದ ಅರವತ್ತನಾಲ್ಕು ಎಂದರೆ ಹದಿನಾರು ಪುಟ. ಸರಿಯಾಗಿ ಒಂದು ಫಾರಂ. ನಾಲ್ಕನೆಯದು.

ಮುದ್ರಣಾಲಯಕ್ಕೆ ಓಡಿದೆ. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಅಂಟಿನ ಡಬ್ಬಿ ಇತ್ತು. ಡಬ್ಬಿಯ ಕೆಳಗೆ ಫಾರಂ ಇತ್ತು. ನಾನು ಇಟ್ಟ ಜಾಗದಲ್ಲೇ ಇತ್ತು, ಅದರ ಮೇಲೆ ನಾನೇ ದಿನಾ ಡಬ್ಬಿ ಇಟ್ಟಿದ್ದೆ. ಕಂದು ಬಣ್ಣದ ಒಂದು ದುಂಡು ಕಲೆಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನಿಂತಲ್ಲೇ, ನಾನು ಜೋಡಿಸಬೇಕಾದದ್ದನ್ನು ಓದಿದೆ.

ಓದಿ ಮುಗಿಸಿದ ಮೇಲೆ ಒಲೆಯ ಕಡೆ ನೋಡಿದೆ. ಅಂಟು ಕಾಯಿಸುವ ಒಲೆ, ಉರಿಯುತ್ತಿತ್ತು. ಈ ಹದಿನಾರು ಪುಟ ಅದರೊಳಗೆ ಹೋದರೆ ತೆಗೆದುಹಾಕಿದವರು ಮೇಲಿನವರೇ ಆಗುತ್ತಾರೆ, ನಾನು ಕುರ್ಚಿಯಲ್ಲೇ ಇರುತ್ತೇನೆ. ಉಳಿದ ಪ್ರತಿಗಳು ರಾಜಧಾನಿಯ ಯಾವ ಕಪಾಟಿನಲ್ಲಿವೆಯೋ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ದಾರದಕ್ಕ ಹಿಂದಿನಿಂದ ಬಂದು, ಫಾರಂ ನೋಡಿದಳು, ನನ್ನನ್ನು ನೋಡಿದಳು. ಏನೂ ಕೇಳದೆ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು.

ವಾಚನಾಲಯದಲ್ಲಿ ಇನ್ನೂ ಸಹಿ ಹಾಕುತ್ತಿದ್ದರು.

"ಪುಟ ಯಾರೂ ತೆಗೆದಿಲ್ಲ," ಎಂದೆ. "ನಾನೇ ಬಿಟ್ಟುಬಿಟ್ಟೆ. ಬೀಗದ ಕೈ ಅಂದಿದ್ದೂ ನಾನೇ ಕಟ್ಟಿದ್ದು. ಅವತ್ತು ನಾನು ಒಂದಕ್ಷರ ಓದಿರ್ಲಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು.

"ಎಷ್ಟು ಹೆದರ್ಸಿದ್ದಾರೆ ನೋಡಿ ಇವನನ್ನ," ಎಂದ ಔಷಧಿ ಅಂಗಡಿಯವನು.

"ಆ ಮೀನಿನ ಕನ್ನಡಕದಾಣೆ ಹಾಕಿ ಹೇಳು ನೋಡೋಣ!"

"ಭಾವನ್ನ ಉಳಿಸ್ಕೊಳ್ಳೋಕೆ ಪುಟಾನೇ ಅಚ್ಚು ಹಾಕಿಸ್ಕೊಂಡು ಬಂದಿದ್ದಾನೆ. ಭಲೇ ಕಿಲಾಡಿ!"

ನಾನು ಜಗಳಕ್ಕೆ ಹೋಗಲಿಲ್ಲ. ಮೇಜಿನ ಮೇಲಿದ್ದ ಪುಸ್ತಕ ತೆಗೆದುಕೊಂಡು ಅದರ ಬೆನ್ನಿನ ಬಟ್ಟೆಯನ್ನು ಚಾಕುವಿನಿಂದ ಸೀಳಿದೆ. "ಏಯ್!" ಎಂದು ಮೇಷ್ಟ್ರು ಕೂಗಿದರು. ಮೆಟ್ಟಿಲುಗಳನ್ನು ಅವರಿಗೇ ತೋರಿಸಿದೆ. ಒಂದು, ಎರಡು, ಮೂರು, ಆಮೇಲೆ ಒಂದು ಬಿಳಿ ಜಾಗ, ಆಮೇಲೆ ಐದು. ದಾರ ಕತ್ತರಿಸಿ, ಕಲೆಯಾದ ಫಾರಮ್ಮನ್ನು ಆ ಸಂದಿಗೆ ಸೇರಿಸಿದೆ. ಕಪ್ಪು ಗುರುತು ಬಿಳಿ ಜಾಗದಲ್ಲಿ ಸರಿಯಾಗಿ ಹೋಗಿ ಕೂತಿತು. ಯಾರೂ ನಗಲಿಲ್ಲ. ನನ್ನ ಮುಖ ನಂಬದವರು ಮೆಟ್ಟಿಲನ್ನು ನಂಬಿದರು.

ಮೇಷ್ಟ್ರು ಐವತ್ತೇಳನೇ ಪುಟ ಓದಿದರು. ಪಾಠ ಹೇಳುವ ದನಿಯಲ್ಲಿ ಶುರು ಮಾಡಿದವರು ಬರಬರುತ್ತ ಮೆಲ್ಲಗಾದರು.

"ಗೇಟಿನ ಬೀಗವು ಹಾಕಿದ ಸ್ಥಿತಿಯಲ್ಲೇ ನದಿಯ ತಳದಲ್ಲಿ ದೊರೆತಿರುತ್ತದೆ. ಅದನ್ನು ಕೀಲಿಯಿಂದ ತೆರೆದಿರುವುದಿಲ್ಲ. ಬೀಗ ಹಾಕಿದ್ದ ಗೇಟಿನ ಕೊಂಡಿಯನ್ನು ಸಾರ್ವಜನಿಕರು ಕಲ್ಲಿನಿಂದ ಜಜ್ಜಿ ಕಿತ್ತಿರುವುದು ಸ್ಪಷ್ಟವಾಗಿರುತ್ತದೆ. ಕಾವಲುಗಾರನು ಬೆಳಿಗ್ಗೆ ಆರರಿಂದ ಜನರನ್ನು ಹಿಂದಕ್ಕೆ ಕಳಿಸುತ್ತಿದ್ದು, ಇದರ ಬಗ್ಗೆ ದೂರವಾಣಿ ಮಾಡಲು ಹೋದ ಹತ್ತು ನಿಮಿಷದಲ್ಲಿ ಈ ಕೃತ್ಯ ನಡೆದಿರುತ್ತದೆ. ಕಂಬಗಳ ತುಕ್ಕಿನ ಬಗ್ಗೆ ಆತನು ಬರೆದ ನಾಲ್ಕು ಅರ್ಜಿಗಳು ಉತ್ತರವಿಲ್ಲದೆ ಕಡತದಲ್ಲಿರುತ್ತವೆ."

ನೀರಿಗೆ ಬಿದ್ದ ಎಂಟು ಜನರಲ್ಲಿ ಐವರು ಅಲ್ಲೇ ಇದ್ದರು. ಕ್ಷೌರದಂಗಡಿಯವನು ಕತ್ತಿನ ಗಾಯದ ಗುರುತನ್ನು ಕೆರೆದುಕೊಂಡ. ಅವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಮೆಲ್ಲಗೆ ಹೋಗಿ ಗೋಡೆಯ ಮೇಲಿನ ಕಾಗದ ಕಿತ್ತು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ನಾನು ಕೂತು ಹೊಲಿಗೆ ಮುಗಿಸಿದೆ.

ಅಲ್ಲಿಂದ ತಂಗಿಯ ಮನೆಗೆ ಹೋದೆ. ಭಾವ ಚಾಪೆಯ ಮೇಲೆ ಕೂತು ರೇಡಿಯೋ ಬಿಚ್ಚಿ ಹರವಿಕೊಂಡಿದ್ದ. ಕಿಟಕಿಯಿಂದ ಹಿಡಿದು ಒಲೆಯ ತನಕ ಎಲ್ಲ ಹೇಳಿದೆ. ಏನೂ ಸೇರಿಸಲಿಲ್ಲ. ತಂಗಿ ಎದ್ದು ಒಳಗೆ ಹೋದಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಗೊಂಚಲನ್ನು ಸೆರಗಿನಿಂದ ಒರೆಸಿ ತಂದು ಗಂಡನ ಪಕ್ಕದಲ್ಲಿಟ್ಟಳು.

ಭಾವ ಕೈಯಲ್ಲಿದ್ದ ತಿರುಪು ಚಾಪೆಯ ಮೇಲಿಟ್ಟು ಕೇಳಿದ. "ಅವತ್ತು ಆ ಪುಟ ನಿನ್ ಕೈಯಲ್ಲೇ ತೆರೆದಿತ್ತಲ್ವಾ?"

"ಹೂಂ."

"ನನ್ನದೇ ವಿಷಯ ಅದು. ನನಗೇನಾಗುತ್ತೋ ಅಂತ ಒಂದ್ಸಲ ಕೆಳಗೆ ನೋಡ್ಬೇಕು ಅನ್ನಿಸ್ಲಿಲ್ವಾ?"

ಇಪ್ಪತ್ತಾರು ವರ್ಷದಿಂದ ನಾವು ಓದುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಹೊತ್ತಿನಲ್ಲಿ ನನಗೆ ಭಾವನ ನೆನಪೇ ಬಂದಿರಲಿಲ್ಲ.

ನನ್ನನ್ನು ಬೈಂಡಿಂಗ್ ಕೆಲಸದಿಂದ ತೆಗೆದು ರದ್ದಿ ಕತ್ತರಿಸುವ ಯಂತ್ರಕ್ಕೆ ಹಾಕಿದರು. ವಾಚನಾಲಯದ ಕುರ್ಚಿಯಲ್ಲಿ ಈಗ ಔಷಧಿ ಅಂಗಡಿಯವನು ಕೂರುತ್ತಾನೆ. ಹೊಸ ಸೇತುವೆ ತೆರೆದಾಗ ಗೇಟಿನಲ್ಲಿ ಭಾವನೇ ನಿಂತಿದ್ದ, ಸೊಂಟದಲ್ಲಿ ಗೊಂಚಲು. ಹಳೆಯ ಸೇತುವೆಯಲ್ಲಿ ನಾನು ಕಂಡ ಕೂಡಲೇ "ಬಾರೋ ಸುಳ್ಳಪ್ಪ, ಇವತ್ತು ಯಾವ ಮೀನು?" ಎಂದು ಕೂಗಿ ಸಾಲು ತಪ್ಪಿಸಿ ಬಿಡುತ್ತಿದ್ದ. ಮೊದಲ ದಿನ ಅದೇ ಅಭ್ಯಾಸದಲ್ಲಿ ನಾನು ಎಲ್ಲರನ್ನೂ ದಾಟಿ ಮುಂದೆ ಹೋದೆ.

"ಸಾಲಲ್ಲಿ ಬನ್ನಿ," ಎಂದ ಭಾವ, ಯಾರಿಗೋ ಹೇಳುವ ಹಾಗೆ.

ಹಿಂದೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದಿದ್ದವನು ತಿರುಗಿ, ಏನು ವಿಷಯ ಎಂದು ಪಿಸುದನಿಯಲ್ಲಿ ಕೇಳಿದ.

"ಗೊತ್ತಿಲ್ಲ," ಎಂದೆ.

ಅವನು ನಂಬಲಿಲ್ಲ.