ಗಡಿ ಕಾಯುವ ವೇಷ

ಯಾರಿಗೂ ಬೇಡವಾದ ವೇಷವನ್ನು ನನ್ನ ಗಂಡನ ತಲೆಗೆ ಕಟ್ಟಿದ್ದಾರೆಂದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ದುಬೈಯ ನಮ್ಮ ಯಕ್ಷಗಾನ ತಂಡದಲ್ಲಿ ಇವರು ಹದಿನೆಂಟು ವರ್ಷ ಬರೀ ಬಾಗಿಲು ಕಾಯುವ ಭಟ. ಈ 2014 ಮುಗಿದರೆ ವೀಸಾವೂ ಮುಗಿಯಿತು, ಊರಿಗೆ ಹೊರಡುವುದೇ. ಅದಕ್ಕೆ ಮುಂಚೆ ಒಂದೇ ಒಂದು ಸಲ ಇವರನ್ನು ಕಿರೀಟ ಕಟ್ಟಿದ ನಾಯಕನಾಗಿ ನಾಲ್ಕು ಜನ ನೋಡಬೇಕೆಂಬುದು ನನ್ನ ಆಸೆ.

ತಂಡದ ಸುಮಿತನ ಬಾಸ್ ಗ್ರೇಡಿ ಸಾಹೇಬರು ಅಮೆರಿಕದ ಹಾಲೋವೆಲ್ ಕೌಂಟಿಯವರು. ನಮ್ಮ ತಾಲೂಕಿನಂಥ ಆ ಕೌಂಟಿಗೆ ಒಬ್ಬ ಕರ್ನಲ್ ಹಾಲೋವೆಲ್‌ನ ಹೆಸರು. ಅಲ್ಲಿ ಅಂತರ್ಯುದ್ಧ ನಡೆದಾಗ ಗಂಡಸರೆಲ್ಲ ದೊಡ್ಡ ರಣರಂಗಕ್ಕೆ ಓಡಿದರೆ, ಇವನು ಬೆರಳೆಣಿಕೆಯ ಸಿಪಾಯಿಗಳೊಂದಿಗೆ ಗಡಿಯಲ್ಲೇ ಉಳಿದು ದರೋಡೆಕೋರರಿಂದ ಊರು ಕಾದನಂತೆ. ಸಾಹೇಬರನ್ನು ಖುಷಿಪಡಿಸಲು ಸುಮಿತ್ ಅದನ್ನೇ ಪ್ರಸಂಗ ಮಾಡಿದ. ಆದರೆ ಕರ್ನಲ್‌ಗೆ ಯುದ್ಧವಿಲ್ಲ, ಕುಣಿತವಿಲ್ಲ. ನಾಯಕ ವೇಷದವರೆಲ್ಲ ಜಾರಿಕೊಂಡರು.

"ತುಕ್ರಣ್ಣನಿಗೆ ಹೇಗೂ ಮೊಣಕಾಲು ನೋವು. ನಿಂತ್ರೆ ಸಾಕು, ಕುಣೀಲಿಕ್ಕಿಲ್ಲ," ಎಂದ ಸುಮಿತ್.

"ನಿಲ್ಲಿಕ್ಕೆ ಮನುಷ್ಯ ಯಾಕೆ ಮಾರಾಯ? ಒಂದು ಕಂಬ ತಂದು ನಿಲ್ಸು," ಎಂದೆ ನಾನು.

ಇವರು ನಕ್ಕರು. "ಕಿರೀಟ ಉಂಟಲ್ಲ ಅಕ್ಕು, ಸಾಕು ಬಿಡು."

ಶುಕ್ರವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಇವರು ಕಿರೀಟ ಕಟ್ಟಿ ಬಂದಾಗ ಚಂದವೇ ಕಂಡರು, ಸುಳ್ಳು ಯಾಕೆ ಹೇಳಲಿ. ದೊಡ್ಡ ಸೇನೆಯ ದೂತನಾಗಿ ಬಂದ ಸುಮಿತ್ ರಣರಂಗಕ್ಕೆ ಕರೆದ. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ, ಆಗಿಂದಾಗ ಹುಟ್ಟಬೇಕು. ಆ ಪೋಕರಿಗೆ ನಾಲಗೆ ತುರಿಸಿತು.

"ಗಡಿ ಕಾಯುವುದೂ ಒಂದು ಪರಾಕ್ರಮವೇ ಸೇನಾನಿ? ನಿನಗೂ ಬಾಗಿಲು ಕಾಯುವ ಭಟನಿಗೂ ಏನು ವ್ಯತ್ಯಾಸ?"

ಸಭೆ ಗೊಳ್ಳೆಂದು ನಕ್ಕಿತು. ಇವರ ಹಳೇ ವೇಷ ಗೊತ್ತಿಲ್ಲದವರು ಯಾರು? ಇವರು ಕಿರೀಟ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ದೂತನೇ," ಎಂದರು ಮೆಲ್ಲಗೆ. "ಬರುವ ದಾರಿಯಲ್ಲಿ ಅಂಗಳದಲ್ಲಿ ಆಡುವ ಮಕ್ಕಳನ್ನು ಕಂಡೆಯಾ?"

"ಕಂಡೆ."

"ಕುದುರೆಯ ಸದ್ದಿಗೆ ಹೆದರಿ ಒಳಗೋಡಿದರೇ?"

"ಇಲ್ಲ."

"ಅದೇ ನನ್ನ ಯುದ್ಧ. ದಿನಾ ಗೆಲ್ಲುತ್ತಿದ್ದೇನೆ. ನಾನು ನಿನ್ನ ಜೊತೆ ಬಂದರೆ, ನಾಳೆ ಆ ಅಂಗಳದಲ್ಲಿ ಯಾರು ಆಡುತ್ತಾರೆ, ಹೇಳು."

ಸುಮಿತ್ ತಲೆಬಾಗಿ ಎರಡು ಹೆಜ್ಜೆ ಹಿಂದೆ ಸರಿದ. ಭಾಗವತರು ತಾಳ ಹಾಕುವುದನ್ನೇ ಮರೆತರು. ಆಮೇಲೆ ಎದ್ದ ಚಪ್ಪಾಳೆಯಲ್ಲಿ ಚೆಂಡೆಯೂ ಮುಳುಗಿಹೋಯಿತು. ಒಂದು ಶಬ್ದ ತಿಳಿಯದಿದ್ದರೂ ಗ್ರೇಡಿ ಸಾಹೇಬರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ನಾನು ಖುಷಿ ತಡೆಯಲಾರದೆ ಗಳಗಳನೆ ಅತ್ತೆ.

ಆಟ ಮುಗಿದ ಮೇಲೆ ಬಣ್ಣ ತೆಗೆಯಲು ಕುಳಿತಿದ್ದ ಇವರ ಕೈ ಹಿಡಿದು ಎಬ್ಬಿಸಿದೆ.

"ಮನೆಗೆ ಹೋಗಿ ತೆಗೀರಿ. ಕಿರೀಟವೂ ಇರ್ಲಿ."

"ಈ ಅವತಾರದಲ್ಲಾ? ಕಂಡವರು ಎಂತ ಹೇಳ್ತಾರೆ ಮಾರಾಯ್ತಿ?"

"ಹೇಳ್ಲಿ. ಯಲ್ಲಾ, ನಡೀರಿ."

ಅಲ್ ನಹ್ದಾದಲ್ಲಿ ನಮ್ಮ ಮನೆ ಎರಡನೆಯ ಮಾಳಿಗೆ. ಲಿಫ್ಟ್ ಹತ್ತಿದ ಕೂಡಲೇ ನಾನು ಹನ್ನೆರಡೂ ಮಾಳಿಗೆಗಳ ಬಟನ್ ಒತ್ತಿದೆ.