ದಾಸವಾಳದ ಕೆಳಗೆ ಟ್ರ್ಯಾಕ್ಟರ್

ಯಾವುದನ್ನು ಉಳಿಸುವುದು? ಬುಡದಿಂದ ಮೂರು ಕಾಂಡಗಳು ಎದ್ದಿದ್ದವು, ಮೂರೂ ತೋಳಿನಷ್ಟು ದಪ್ಪ. ತಪ್ಪಾದುದನ್ನು ಕೊಯ್ದರೆ ಗಿಡ ಹೋದಂತೆಯೇ. ಭರತ ಗರಗಸ ಹಿಡಿದು ಕೂತೇ ಇದ್ದ.

ಏಕಸಂಬಿಯ ಆ ಮನೆಯ ಗೇಟಿನ ಪಕ್ಕದ ದಾಸವಾಳವನ್ನು ಅವನ ಹೆಂಡತಿ ತೃಪ್ತಿ ಮದುವೆಯಾದ ವರ್ಷ ರಾಯಬಾಗದ ತವರಿನಿಂದ ಕಡ್ಡಿಯಾಗಿ ತಂದು ನೆಟ್ಟಿದ್ದಳು. ಈಗದು ಪೊದೆಯಾಗಿ ಅರ್ಧ ದಾರಿ ನುಂಗಿತ್ತು. ಹೊಸ ಟ್ರ್ಯಾಕ್ಟರ್ ಒಳಬರಲು ಜಾಗವಿರಲಿಲ್ಲ. ಬೇರು ಸಮೇತ ಕೀಳಬೇಕೆಂದು ಅಪ್ಪ ಭೀಮಗೊಂಡ ಹೇಳಿದಾಗ ತೃಪ್ತಿ ಎದ್ದು ಒಳಗೆ ಹೋದಳು. ಪೊದೆಯನ್ನು ಮರ ಮಾಡಿ ದಾರಿ ಬಿಡಿಸುತ್ತೇನೆ ಎಂದವನು ಭರತ.

ಭೀಮಗೊಂಡ ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಆಡಿಸಿ ಹೆಸರಾದವರು. ದಾಸವಾಳದ ತುದಿಗಳನ್ನೂ ವರ್ಷವರ್ಷ ದ್ರಾಕ್ಷಿಯಂತೆಯೇ ಮೊಟಕು ಮಾಡುತ್ತಿದ್ದರು. ಕತ್ತರಿಸಿದಲ್ಲೆಲ್ಲ ನಾಲ್ಕು ಚಿಗುರು ಒಡೆಯುತ್ತಿದ್ದವು. ಪೊದೆ ಬೆಳೆದದ್ದೇ ಹಾಗೆ.

“ಏನ್ಲೇ, ಬಸದ್ಯಾಗ ಧ್ಯಾನಕ್ಕ ಕುಂತಂಗ ಗಿಡದ ಮುಂದ ಸಾಮಾಯಿಕಕ್ಕ ಕುಂತೀಯೇನ?” ಅಪ್ಪ ಕಟ್ಟೆಯ ಮೇಲಿಂದ ಕೇಳಿದರು. “ನಾಳೆ ಅಷ್ಟಮಿ, ಹಸರು ಕಡಿಯಂಗಿಲ್ಲ. ಇವತ್ತ ಮುಗಸು.”

“ಮುಗಸ್ತೀನಪ್ಪಾ.”

“ಕೆಳಗ ನಾನ ಟ್ರ್ಯಾಕ್ಟರ್ ಹೊಡೀತೀನಿ. ನನ್ನ ಟೋಪಿ ಬಿತ್ತಂದ್ರ ಗಿಡಾನೂ ಬೀಳತೈತಿ, ನೋಡ.”

ಒಳಗಿನಿಂದ ಅವ್ವ ಗಂಗೂಬಾಯಿ ಕೂಗಿದಳು: “ಟೋಪಿ ಅಲ್ರಿ, ನಿಮ್ಮ ಹಟ ಬಿದ್ರ ಸಾಕು!”

ಭರತ ಮೂರನ್ನೂ ಹಿಡಿದು ಅಲುಗಿಸಿದ. ನಡುವಿನ ನೆಟ್ಟನೆಯ ಕಾಂಡ ಮಿಸುಕಲಿಲ್ಲ. ಉಳಿದೆರಡನ್ನು ನೆಲಮಟ್ಟಕ್ಕೆ ಕೊಯ್ದ. ಆಮೇಲೆ ಕೈ ನಿಲ್ಲಲಿಲ್ಲ. ಕೆಳಗಿನ ರೆಂಬೆಗಳನ್ನೆಲ್ಲ ಕಾಂಡಕ್ಕೆ ಸಮನಾಗಿ ತೆಗೆದ. ಏಣಿ ಹತ್ತಿ ದಾರಿಗೆ ಬಾಗಿದ್ದವನ್ನೂ ತೆಗೆದ. ಮೇಲಿನ ತುದಿಗಳನ್ನು ಮಾತ್ರ ಮುಟ್ಟಲಿಲ್ಲ. ತೃಪ್ತಿ ಬಿದ್ದ ರೆಂಬೆಗಳನ್ನು ಎಳೆದು ಹಾಕುತ್ತಿದ್ದಳು.

ಹೊತ್ತು ಇಳಿಯುವಷ್ಟರಲ್ಲಿ ಪೊದೆಯಿದ್ದಲ್ಲಿ ಮರ ನಿಂತಿತ್ತು. ಒಂದೇ ಕಾಲು, ಮೇಲೆ ಕೆಂಪು ಹೂವಿನ ಕೊಡೆ.

ಭೀಮಗೊಂಡ ಟೋಪಿಯನ್ನು ಬೇಕೆಂದೇ ಎತ್ತರಿಸಿ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದರು. ಗಾಡಿ ಗುಡುಗುತ್ತ ಗೇಟು ದಾಟಿತು. ಎಲೆಗಳು ನಡುಗಿದವು, ಟೋಪಿ ಅಲುಗಲಿಲ್ಲ. ಅಂಗಳದಲ್ಲಿ ಇಳಿದವರು ಹಿಂದಕ್ಕೆ ನಡೆದು ಬಂದು ಕೊಯ್ದ ಜಾಗಗಳ ಮೇಲೆಲ್ಲ ಬೆರಳಾಡಿಸಿದರು.

“ಭಾರೀ ಮಾಡಿದಿ ಮಗನ! ಇನ್ನ ಮ್ಯಾಲ ಇದಕ್ಕ ನನ್ನ ಕತ್ರಿ ಹಚ್ಚಂಗಿಲ್ಲ.”

ತೃಪ್ತಿ ನಕ್ಕಳು, ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ.

ಗಿಡ ಕೀಳುವ ಮಾತು ಬಂದ ಸಂಜೆ, ಹೊತ್ತು ಮುಳುಗುವ ಮುನ್ನ ಎಲ್ಲರೂ ಉಂಡಾಗ, ಅವಳೊಬ್ಬಳು ಉಣ್ಣದೆ ರಾತ್ರಿಯೆಲ್ಲ ಹಸಿದೇ ಇದ್ದಳು. ಅದು ತನಗೆ ಗೊತ್ತಿತ್ತೆಂದು ಭರತ ಅವಳಿಗೆ ಎಂದೂ ಹೇಳಲಿಲ್ಲ.