ಚುಕ್ಕಿ ಒಪ್ಪದ ಖಾನೆ

"ಸೋಮವಾರದಿಂದ ಈ ಹಾಳು ಖಾನೆ ಚುಕ್ಕಿ ತಗೋತಾ ಇಲ್ಲ ಪ್ರಸಾದಣ್ಣ! ಕ್ಯೂ ಗೇಟ್ ತನ್ಕ ಹೋಗಿದೆ, ಬಂದು ನೋಡಿ!" ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬಿಂದುಶ್ರೀ ರೇಗಿದಳು.

ನಂಜನಗೂಡಿನ ಆ ಖಾಸಗಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳದು ಆರು ವರ್ಷ ಪಳಗಿದ ಕೈ. ಮಾತ್ರೆಯ ಹೆಸರಿನ ಮೊದಲ ಮೂರಕ್ಷರ ಒತ್ತಿದರೆ ಪರದೆಯ ಮೇಲೆ ಪಟ್ಟಿ ಬೀಳುತ್ತಿತ್ತು, ಆರಿಸಿದರೆ ಮುಗಿಯಿತು. ಒಂದೇ ಥರದ ಹೆಸರುಗಳು ಅದಲುಬದಲಾಗದಿರಲೆಂದು, ಕಂಪ್ಯೂಟರ್ ನೋಡಿಕೊಳ್ಳುವ ಪ್ರಸಾದ್ 'ಯಾವ ಕಾಯಿಲೆಗೆ?' ಎಂಬ ಖಾನೆಯೊಂದನ್ನು ಸೇರಿಸಿದ್ದ. ಅದನ್ನು ತುಂಬುವಷ್ಟು ಪುರುಸೊತ್ತು ಯಾರಿಗಿತ್ತು? ಒಂದು ಚುಕ್ಕಿ ಒತ್ತಿ ಎಲ್ಲರೂ ಮುಂದೆ ಹೋಗುತ್ತಿದ್ದರು. ಒತ್ತಿ ಒತ್ತಿ ಆ ಕೀಲಿಯ ಮೇಲಿನ ಗುರುತೇ ಅಳಿಸಿಹೋಗಿತ್ತು. ಸೋಮವಾರ ಪ್ರಸಾದ್ ಆ ದಾರಿಯನ್ನೂ ಮುಚ್ಚಿದ್ದ.

"ಚುಕ್ಕಿ ಅನ್ನೋ ಕಾಯಿಲೆ ಇದ್ರೆ ಹೇಳಮ್ಮ, ಸೇರಿಸ್ತೀನಿ," ಎಂದು ಪ್ರಸಾದ್ ನಕ್ಕು ಫೋನ್ ಇಟ್ಟ.

ಕಿಟಕಿಯಲ್ಲಿ ಹುಲ್ಲಹಳ್ಳಿಯ ಚಿಕ್ಕಮಾದಮ್ಮ ಚೀಟಿ ಹಿಡಿದು ನಿಂತಿದ್ದಳು. ಬಿಂದುಶ್ರೀ ಚೀಟಿಯ ಮೇಲೆ ಕಣ್ಣಾಡಿಸಿ, ಮೂರಕ್ಷರ ಒತ್ತಿ, ಪಟ್ಟಿಯ ಮೊದಲ ಹೆಸರನ್ನೇ ಆರಿಸಿ, ಕಪಾಟಿನಿಂದ ಮಾತ್ರೆ ತೆಗೆದು ಕವರಿಗೆ ಹಾಕಿಯೂ ಆಯಿತು. ಬಿಲ್ ಮಾತ್ರ ಬರಲಿಲ್ಲ. ಖಾನೆ ಬಾಯಿ ತೆರೆದು ಕೂತಿತ್ತು.

"ಅಜ್ಜಿ, ಏನು ತೊಂದ್ರೆ ನಿಮ್ಗೆ?" ತಲೆ ಎತ್ತದೆಯೇ ಕೇಳಿದಳು.

"ನವೆ ಕಣವ್ವ. ಮೈಯೆಲ್ಲ ಕೆರ್ಕಂಡು ಕೆರ್ಕಂಡು ನಿದ್ದೆನೇ ಇಲ್ಲ. ಬಿ.ಪಿ. ಬ್ಯಾರೆ ಕಮ್ಮಿ ಆಗ್ಬುಟ್ಟದೆ ಅಂದ್ರು. ಓದ ವಾರ ಬಚ್ಲಲ್ಲಿ ಬಿದ್ಬುಟ್ಟೆ."

ಬಿಂದುಶ್ರೀ ಖಾನೆಯಲ್ಲಿ 'ನವೆ' ಎಂದು ತುಂಬಿದಳು. ಪರದೆ ಕೆಂಪಾಯಿತು. ಆರಿಸಿದ ಮಾತ್ರೆ ನವೆಗಲ್ಲ, ಬಿ.ಪಿ. ಇಳಿಸುವುದಕ್ಕೆ ಎಂದಿತು.

ಅವಳು ಕವರನ್ನು ಹಿಂದಕ್ಕೆ ಎಳೆದುಕೊಂಡಳು. ಚೀಟಿಯನ್ನು ಮತ್ತೆ ಓದಿದಳು. ಡಾಕ್ಟರು ಸರಿಯಾಗಿಯೇ ಹೈಡ್ರಾಕ್ಸಿಜೈನ್ ಎಂದು ಬರೆದಿದ್ದರು, ಕವರಿನಲ್ಲಿದ್ದದ್ದು ಹೈಡ್ರಲಜೈನ್. ಮೊದಲೇ ಇಳಿದಿದ್ದ ಬಿ.ಪಿ.ಗೆ ಇದೂ ಸೇರಿದ್ದರೆ ಅಜ್ಜಿ ಮತ್ತೆ ಏಳುತ್ತಿದ್ದಳೋ ಇಲ್ಲವೋ. ಏನೂ ಹೇಳದೆ ಮಾತ್ರೆ ಬದಲಿಸಿ, ಎರಡೆರಡು ಸಲ ನೋಡಿ ಕೊಟ್ಟಳು. ಅಂದು ಸಂಜೆ ತಿ. ನರಸೀಪುರದ ಬಸ್ಸಿನಲ್ಲಿ ಮನೆಗೆ ಹೋಗುವಾಗ, ತಾನು ರೇಗಿದ ಪ್ರಸಾದನಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಹದಿನೈದು ದಿನ ಬಿಟ್ಟು ಚಿಕ್ಕಮಾದಮ್ಮ ಮತ್ತೆ ಬಂದಳು. ಬೇಯಿಸಿದ ಕಡಲೆಕಾಯಿಯ ಪೊಟ್ಟಣವೊಂದನ್ನು ಕಿಟಕಿಯಲ್ಲಿ ತೂರಿಸಿದಳು.

"ನಿದ್ದೆ ಬಂತು ಕಣವ್ವ. ಇಲ್ಲಿ ಎಲ್ಲಾರೂವೆ ಚೀಟಿ ನೋಡ್ತಾರೆ. ಏನು ತೊಂದ್ರೆ ಅಜ್ಜಿ ಅಂತ ಕೇಳ್ದೋಳು ನೀನೊಬ್ಳೇಯ."

ಪೊಟ್ಟಣವನ್ನು ಸುಮ್ಮನೆ ಇಸಿದುಕೊಳ್ಳಲು ಬಿಂದುಶ್ರೀಯ ಮನಸ್ಸು ಒಪ್ಪಲಿಲ್ಲ. "ಕಂಪ್ಯೂಟ್ರು ಕೇಳ್ಸಿದ್ದು ಅಜ್ಜಿ. ಅವತ್ತು ನಾನು ಬೇರೆ ಮಾತ್ರೆ ಕೊಟ್ಬಿಡ್ತಿದ್ದೆ."

ಚಿಕ್ಕಮಾದಮ್ಮ ಪೊಟ್ಟಣವನ್ನು ಇನ್ನಷ್ಟು ಒಳಗೆ ತಳ್ಳಿದಳು.

"ಕೊಡ್ನಿಲ್ವಲ್ಲ ಮಗ. ತಿನ್ನು, ನಮ್ಮೊಲದ್ದೇಯ."

ಬಿಂದುಶ್ರೀ ಅರ್ಧ ಕಡಲೆಕಾಯಿಯನ್ನು ಪ್ರಸಾದನಿಗೆಂದು ಕಾಗದದಲ್ಲಿ ಕಟ್ಟಿಟ್ಟಳು. ಕಣ್ಣೊರೆಸಿಕೊಂಡಳು. ಕಿಟಕಿಯಲ್ಲಿ ಮುಂದಿನ ಚೀಟಿ ಚಾಚಿಕೊಂಡಿತ್ತು. ಅದನ್ನು ತೆಗೆದುಕೊಳ್ಳುವ ಮೊದಲು, ಅದರ ಹಿಂದಿದ್ದ ಮುಖವನ್ನು ನೋಡಿದಳು.